ಕೆಲಸ ಕಲಿಸುವವರು ಯಾರು?

ನೈಋತ್ಯ ರೈಲ್ವೆಯ ಅಪ್ರೆಂಟಿಸ್ ಅಧಿಸೂಚನೆ ಹೊರಬಿತ್ತೆಂದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಸೈಬರ್ ಸೆಂಟರ್‌ಗಳಿಗೆ ಸುಗ್ಗಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಐಟಿಐ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಹಿಡಿದು ಹುಡುಗರು ಸಾಲು ನಿಲ್ಲುತ್ತಾರೆ. ಲಿಖಿತ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಎರಡೂ ಅಂಕಪಟ್ಟಿಗಳ ಸರಾಸರಿ ತೆಗೆದು ಮೆರಿಟ್ ಪಟ್ಟಿ ಮಾಡುತ್ತಾರೆ. ಹೆಸರು ಬಂದವರು ಹುಬ್ಬಳ್ಳಿಯ ಕ್ಯಾರೇಜ್ ರಿಪೇರಿ ವರ್ಕ್‌ಶಾಪ್‌ಗೋ, ಮೈಸೂರಿನ ಸೆಂಟ್ರಲ್ ವರ್ಕ್‌ಶಾಪ್‌ಗೋ, ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳಿಗೋ ತರಬೇತಿಗೆ ಹೋಗುತ್ತಾರೆ. ಅರ್ಜಿ ತುಂಬುವಾಗ ಜೊತೆಗೆ ಬಂದ ಅಪ್ಪ ಕೇಳುವ ಪ್ರಶ್ನೆ ಮಾತ್ರ ಎಲ್ಲ ಊರಲ್ಲೂ ಒಂದೇ: "ಇದು ಮುಗದ ಮ್ಯಾಲೆ ಪರ್ಮನೆಂಟ್ ಮಾಡ್ಕೋತಾರೇನ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಎರಡೆಕರೆ ಜಮೀನಿನ ಮನೆಯಲ್ಲಿ ಮಗನ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ. ಆದರೆ ಉತ್ತರವನ್ನು ಸುತ್ತಿಬಳಸದೆ ಹೇಳಬೇಕು: ಅಂಥ ಖಾತರಿಯನ್ನು ಕಾನೂನು ಕೊಡುವುದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಆದವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ತರಬೇತಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ಮಾಡಿಕೊಳ್ಳಬೇಕು ಎಂದು 2014ರ ತಿದ್ದುಪಡಿ ಹೇಳಿದೆಯೇ ಹೊರತು, ತೆಗೆದುಕೊಳ್ಳಲೇಬೇಕು ಎಂದಿಲ್ಲ. ರೈಲ್ವೆಯಲ್ಲಿ ಲೆವೆಲ್ 1 ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20ರಷ್ಟನ್ನು ರೈಲ್ವೆಯಲ್ಲೇ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಮೀಸಲಿಟ್ಟಿದ್ದಾರೆ. ಅವರೂ ಪರೀಕ್ಷೆ ಬರೆಯಬೇಕು. ಅಷ್ಟು ಸಾಲದು, ಎಲ್ಲರಿಗೂ ಕೆಲಸ ಕೊಡಿ ಎಂದು 2018ರ ಮಾರ್ಚ್ 20ರಂದು ತರಬೇತಿ ಮುಗಿಸಿದ ಯುವಕರು ಮುಂಬೈನ ಮಾಟುಂಗಾ–ದಾದರ್ ನಡುವೆ ಹಳಿಯ ಮೇಲೆ ಕುಳಿತು ಲೋಕಲ್ ರೈಲುಗಳನ್ನು ನಿಲ್ಲಿಸಿದ್ದರು. ಕೆಲಸ ಸಿಕ್ಕೇ ಸಿಗುತ್ತದೆಂದು ನಂಬಿ ಹೋದವರ ಸಿಟ್ಟು ಅದು. ಆ ನಂಬಿಕೆಯನ್ನು ಅವರಲ್ಲಿ ಬೆಳೆಯಲು ಬಿಟ್ಟದ್ದೇ ತಪ್ಪು.

ಹಾಗಾದರೆ ಒಂದು ವರ್ಷ ಯಾಕೆ ಹೋಗಬೇಕು? ಕಲಿಯಲು. ಇದು ತೀರಾ ಸರಳ ಉತ್ತರ ಅನ್ನಿಸಬಹುದು. ಆದರೆ ಅಪ್ರೆಂಟಿಸ್‌ಶಿಪ್‌ನ ಒಳಿತು ಕೆಡುಕು ನಿಂತಿರುವುದು ಇದರ ಮೇಲೆಯೇ. ಒಳ್ಳೆಯ ಜಾಗದಲ್ಲಿ ಕಲಿತ ವರ್ಷ ಮುಂದಿನ ಮೂವತ್ತು ವರ್ಷ ಅನ್ನ ಕೊಡುತ್ತದೆ. ಕಲಿಸುವವರಿಲ್ಲದ ಜಾಗದಲ್ಲಿ ಕಳೆದ ವರ್ಷ ಕಡಿಮೆ ಸಂಬಳದ ಕೂಲಿಯಾಗಿ ಮುಗಿದುಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಅದೇ ಸಮವಸ್ತ್ರ, ಅದೇ ಗೇಟ್ ಪಾಸ್, ಅದೇ ಶಿಫ್ಟ್ ಬಸ್ಸು.

ಬೆಂಗಳೂರಿನ ಒಂದು ಫಿಟ್ಟರ್ ಶಾಪ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೊಸದಾಗಿ ಸೇರಿದ ಹುಡುಗರಿಗೆ ಅಂಗೈ ಅಗಲದ ಉಕ್ಕಿನ ತುಂಡು ಕೊಟ್ಟು, ವೈಸ್‌ಗೆ ಕಚ್ಚಿಸಿ, ಅರ ಹಾಕಿ ಸಮ ಮಾಡಲು ಹೇಳಿದ್ದರು. ನೋಡುವುದಕ್ಕೆ ಸುಲಭ. ಅರವನ್ನು ಮುಂದಕ್ಕೆ ತಳ್ಳಲು ಶುರುಮಾಡುವಾಗ ಭಾರ ಎಡಗೈಯಲ್ಲಿರಬೇಕು, ನಡುವೆ ಎರಡೂ ಕೈಯಲ್ಲಿ ಸಮ ಇರಬೇಕು, ಕೊನೆಗೆ ಬಲಗೈಗೆ ಬರಬೇಕು. ಈ ಲೆಕ್ಕ ತಪ್ಪಿದರೆ ಅರ ತೂಗಾಡುತ್ತದೆ, ಎರಡೂ ಅಂಚು ಸವೆದು ತುಂಡಿನ ನಡುಭಾಗ ಉಬ್ಬಿಕೊಳ್ಳುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿದರೆ ಕಾಣುತ್ತದೆ: ಅಂಚಿನ ಕೆಳಗಿಂದ ಕೂದಲೆಳೆಯಷ್ಟು ಬೆಳಕು. ಸರ್ಫೇಸ್ ಪ್ಲೇಟ್ ಮೇಲೆ ನೀಲಿ ಸವರಿ ತುಂಡನ್ನು ಉಜ್ಜಿದರೆ ಎತ್ತರವಿದ್ದ ಕಡೆಗಳಲ್ಲಿ ಮಾತ್ರ ಬಣ್ಣ ಮೆತ್ತಿಕೊಳ್ಳುತ್ತದೆ. ಆ ಹುಡುಗರ ತುಂಡುಗಳಲ್ಲಿ ನೀಲಿ ಒಂದೊಂದೇ ಚುಕ್ಕಿಯಾಗಿ ನಡುವೆ ಕೂತಿತ್ತು.

"ಬೆಳಕು ಬರ್ತಿದೆ ನೋಡೋ ಮರಿ. ಇನ್ನೊಂದ್ ಸಲ ಹಾಕು."

"ಇನ್ನೂ ಹಾಕಿದ್ರೆ ಸೈಜ್ ಹೋಗುತ್ತೆ ಸಾರ್."

"ಹೋಗ್ಲಿ ಬಿಡು. ಬೇರೆ ಪೀಸ್ ಕೊಡ್ತೀನಿ. ಕೈ ಸಮ ಬರ್ಲಿ ಮೊದ್ಲು."

ಕಲಿಸುತ್ತಿದ್ದ ಆ ಹಿರಿಯರ ಕೊನೆಯ ಮಾತಿನಲ್ಲಿ ಅಪ್ರೆಂಟಿಸ್‌ಶಿಪ್‌ನ ತಿರುಳಿದೆ. ತುಂಡು ಹಾಳಾದರೆ ಹಾಳಾಗಲಿ, ಕೈ ಕಲಿಯಲಿ ಎನ್ನುವವರು ಒಬ್ಬರು ಇರಬೇಕು. ಉತ್ಪಾದನೆಯ ಲೈನಿನಲ್ಲಿ ಹೀಗೆ ಹೇಳಲು ಯಾರಿಗೂ ಪುರಸೊತ್ತಿಲ್ಲ. ಅಲ್ಲಿ ಹಾಳಾದ ಪ್ರತಿ ತುಂಡಿಗೂ ಯಾರೋ ಉತ್ತರ ಹೇಳಬೇಕು. ಆದ್ದರಿಂದಲೇ ಕಲಿಯುವ ಜಾಗ ಮತ್ತು ದುಡಿಯುವ ಜಾಗ ಕೆಲಕಾಲವಾದರೂ ಬೇರೆ ಇರಬೇಕು. ಸಿಎನ್‌ಸಿ ಮೆಷಿನ್ ಬಂದ ಮೇಲೆ ಅರ ಹಾಕುವುದು ಯಾಕೆ ಎಂದು ಕೇಳುವವರಿದ್ದಾರೆ. ಮೆಷಿನ್ ಕೊಟ್ಟ ತುಂಡು ಸರಿಯಿದೆಯೋ ಇಲ್ಲವೋ ಎಂದು ಹೇಳಬೇಕಾದವನು ಮನುಷ್ಯನೇ. 0.02 ಮಿಲಿಮೀಟರ್ ಅಂದರೆ ಎಷ್ಟು ಎಂದು ಬೆರಳಿಗೆ ಗೊತ್ತಾದವನು ಡ್ರಾಯಿಂಗ್ ಓದುವ ರೀತಿಯೇ ಬೇರೆ.

ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಜಾಬ್ ಇಡು, ಬಾಗಿಲು ಮುಚ್ಚು, ಹಸಿರು ಬಟನ್ ಒತ್ತು, ತೆಗೆ — ಇಷ್ಟನ್ನೇ ವರ್ಷಪೂರ್ತಿ ಮಾಡಿ ಹೊರಬರುವ ಹುಡುಗರು ಪೀಣ್ಯದಲ್ಲೂ ಸಿಗುತ್ತಾರೆ, ಬೊಮ್ಮಸಂದ್ರದಲ್ಲೂ ಸಿಗುತ್ತಾರೆ. ಟೂಲ್ ಬದಲಿಸುವುದು ಹೇಗೆಂದು ಅವರಿಗೆ ಯಾರೂ ತೋರಿಸಿರುವುದಿಲ್ಲ, ಆಫ್‌ಸೆಟ್ ಮುಟ್ಟಲು ಬಿಟ್ಟಿರುವುದಿಲ್ಲ. ಕೈಗೆ ಪ್ರಮಾಣಪತ್ರ ಬರುತ್ತದೆ, ಕೈ ಮಾತ್ರ ಹೋದಾಗ ಇದ್ದಂತೆಯೇ ಇರುತ್ತದೆ. ಅವರ ಜಾಗಕ್ಕೆ ಮರುವರ್ಷ ಇನ್ನೊಂದು ತಂಡ.

ಕಾನೂನು ಇದನ್ನು ಊಹಿಸದೆ ಇರಲಿಲ್ಲ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ, ಉತ್ಪಾದನೆ ಬೋನಸ್‌ನ ಓಟಕ್ಕೆ ಅವನನ್ನು ಇಳಿಸುವಂತಿಲ್ಲ ಎಂದು ಕಾಯಿದೆಯಲ್ಲೇ ಬರೆದಿದೆ. ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಬೇಕು. ಅದು ತರಬೇತಿಗೆ ಅಥವಾ ಸಾರ್ವಜನಿಕ ಹಿತಕ್ಕೆ ಒಳ್ಳೆಯದು ಎಂದು ಮನವರಿಕೆಯಾಗದೆ ಅವರು ಒಪ್ಪಿಗೆ ಕೊಡುವಂತಿಲ್ಲ. ಕೆಲಸದ ವೇಳೆ ಗಾಯವಾದರೆ ಕಾರ್ಮಿಕನಿಗೆ ಸಿಗುವಂಥ ಪರಿಹಾರ ಅಪ್ರೆಂಟಿಸ್‌ಗೂ ಸಿಗಬೇಕು. ಈ ಸಾಲುಗಳನ್ನು ಬರೆದವರಿಗೆ ಕಲಿಯುವ ಹುಡುಗನ ಮೇಲೆ ನಿಜವಾದ ಕಾಳಜಿಯಿತ್ತು. ಆದರೆ ಇವು ಸೇರುವ ಹುಡುಗನಿಗೂ ಅವನ ಮನೆಯವರಿಗೂ ಗೊತ್ತಿರುವುದು ಅಪರೂಪ.

ಕಲಿಸುವ ಪರಂಪರೆ ಕರ್ನಾಟಕಕ್ಕೆ ಹೊಸದಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1880ರ ದಶಕದ್ದು. ಎಚ್‌ಎಎಲ್, ಟೆಲಿಫೋನ್ ಕಾರ್ಖಾನೆಯಾದ ಐಟಿಐ, ಬಿಇಎಲ್, ಸ್ವಿಸ್ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಇವೆಲ್ಲ ಬೆಂಗಳೂರಿಗೆ ಬಂದಾಗ ಕಾರ್ಖಾನೆಯ ಜೊತೆಗೆ ಕಾರ್ಖಾನೆಗೆ ಬೇಕಾದ ಕೈಗಳನ್ನೂ ಇಲ್ಲೇ ತಯಾರು ಮಾಡಬೇಕಾಯಿತು. ಆಡುಗೋಡಿಯಲ್ಲಿ ಮೈಕೊ — ಈಗಿನ ಬಾಷ್ — ತನ್ನ ತರಬೇತಿ ಕೇಂದ್ರ ತೆರೆದದ್ದು 1961ರಲ್ಲಿ, ಅಪ್ರೆಂಟಿಸ್ ಕಾಯಿದೆ ಬಂದ ವರ್ಷವೇ. ತುಮಕೂರು ರಸ್ತೆಯ ಫೋರ್‌ಮನ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ 1971ರಲ್ಲಿ ಜರ್ಮನಿಯ ನೆರವಿನಿಂದ ಬಂತು. ಮರುವರ್ಷ ಡೆನ್ಮಾರ್ಕಿನ ಸಹಕಾರದಲ್ಲಿ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ. ಬಿಡದಿಯಲ್ಲಿ ಟೊಯೊಟ 2007ರಲ್ಲಿ ಶುರುಮಾಡಿದ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುತ್ತದೆ. ಪೀಣ್ಯದ ಎಷ್ಟೋ ಸಣ್ಣ ಕಾರ್ಖಾನೆಗಳ ಮಾಲೀಕರನ್ನು ಕೇಳಿನೋಡಿ: "ನಾನು ಮೈಕೊ ಅಪ್ರೆಂಟಿಸ್", "ನಾನು ಎಚ್‌ಎಂಟಿ ಬ್ಯಾಚ್" ಎಂದು ಡಿಗ್ರಿ ಹೇಳಿಕೊಳ್ಳುವ ಹೆಮ್ಮೆಯಲ್ಲೇ ಹೇಳುತ್ತಾರೆ. ಆ ಪೀಳಿಗೆ ಈಗ ನಿವೃತ್ತಿಯಾಗುತ್ತಿದೆ. ಅವರ ಬೆರಳಿನಲ್ಲಿದ್ದ ವಿದ್ಯೆ ಎಷ್ಟು ಮಂದಿಗೆ ದಾಟಿತು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಈ ವಿಷಯದಲ್ಲಿ ಜರ್ಮನಿಯನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ಸುಮಾರು 325 ಕಸುಬುಗಳಿಗೆ ಅಪ್ರೆಂಟಿಸ್‌ಶಿಪ್ ಇದೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿ, ಸಾಮಾನ್ಯವಾಗಿ ಮೂರು ಅಥವಾ ಮೂರೂವರೆ ವರ್ಷ. ಇದೆಲ್ಲ ಹೇಳಿ ಕೇಳಿ ಹಳೆಯದಾಗಿದೆ. ನಮ್ಮವರು ಗಮನಿಸದೆ ಬಿಡುವ ಸಂಗತಿ ಬೇರೆ. ಅಲ್ಲಿ ಕಂಪನಿಯೊಳಗೆ ಹುಡುಗರಿಗೆ ಕಲಿಸುವವರು, ಕಲಿಸಲು ಬರುತ್ತದೆಯೇ ಎಂದು ತೋರಿಸುವ ಪ್ರತ್ಯೇಕ ಪರೀಕ್ಷೆ ಪಾಸಾಗಿರಬೇಕು. ಒಳ್ಳೆಯ ಕೆಲಸಗಾರನಾದ ಮಾತ್ರಕ್ಕೆ ಒಳ್ಳೆಯ ಗುರುವಾಗುವುದಿಲ್ಲ ಎಂದು ಆ ವ್ಯವಸ್ಥೆ ಒಪ್ಪಿಕೊಂಡಿದೆ. ನಾವು ಅಪ್ರೆಂಟಿಸ್‌ಗಳ ಸಂಖ್ಯೆ ಎಣಿಸುತ್ತೇವೆ, ಪೋರ್ಟಲ್ ತೆರೆಯುತ್ತೇವೆ, ಸಹಾಯಧನ ಕೊಡುತ್ತೇವೆ. ಕಲಿಸುವವರ ಕಡೆ ನೋಡುವುದು ಕಡಿಮೆ. ಕಾರ್ಖಾನೆಯಲ್ಲಿ ಹುಡುಗರಿಗೆ ತಾಳ್ಮೆಯಿಂದ ಕಲಿಸುವ ಫೋರ್‌ಮನ್‌ಗೆ ಅದಕ್ಕಾಗಿ ಬಡ್ತಿ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಟಾರ್ಗೆಟ್ ತಪ್ಪಿದ್ದಕ್ಕೆ ಬೈಸಿಕೊಂಡದ್ದನ್ನು ಬೇಕಾದಷ್ಟು ಕೇಳಿದ್ದೇನೆ.

ಈಗಿನ ನಿಯಮಗಳ ಲೆಕ್ಕಾಚಾರ ಹೀಗಿದೆ. ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿ ಲೆಕ್ಕಹಾಕಿ, ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ಕಡೆ ಅದು ಅವರಿಗೆ ಬಿಟ್ಟದ್ದು. 2019ರ ನಿಯಮ ನಿಗದಿ ಮಾಡಿದ ಮೊದಲ ವರ್ಷದ ಕನಿಷ್ಠ ಸ್ಟೈಪೆಂಡ್ ಐಟಿಐ ಮುಗಿಸಿದವರಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಇದನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಅದು ನ್ಯಾಯವಾದ ಶಿಫಾರಸು. ಏಳು ಸಾವಿರದಲ್ಲಿ ಕೊಪ್ಪಳದ ಹುಡುಗನೊಬ್ಬ ಬೆಂಗಳೂರಿಗೆ ಬಂದು, ನಾಲ್ವರ ಜೊತೆ ರೂಮು ಹಂಚಿಕೊಂಡು, ಮೂರು ಹೊತ್ತು ಉಂಡು, ಬಸ್ ಪಾಸ್ ಮಾಡಿಸಿಕೊಂಡರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಎಷ್ಟೋ ಸಲ ಮನೆಯಿಂದಲೇ ತರಿಸಬೇಕಾಗುತ್ತದೆ. ಆದ್ದರಿಂದ ಕ್ಯಾಂಟೀನ್ ಊಟ, ಕಂಪನಿ ಬಸ್ಸು, ಹಾಸ್ಟೆಲ್ ಇವೆಯೇ ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಾವಿರ ರೂಪಾಯಿ ಹೆಚ್ಚು ಸ್ಟೈಪೆಂಡ್‌ಗಿಂತ ಎರಡು ಹೊತ್ತಿನ ಊಟ ದೊಡ್ಡದು.

ಸ್ಟೈಪೆಂಡ್‌ನಲ್ಲಿ ಸರ್ಕಾರವೂ ಪಾಲು ಕೊಡುತ್ತದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25, ಅಂದರೆ ತಿಂಗಳಿಗೆ ಗರಿಷ್ಠ 1,500 ರೂಪಾಯಿ ಕೇಂದ್ರದ್ದು. 2023ರಿಂದ ಅದು ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಬರುತ್ತಿದೆ. ಡಿಪ್ಲೊಮಾ ಮತ್ತು ಪದವಿ ಮುಗಿಸಿದವರಿಗಾಗಿ ಇರುವ ನ್ಯಾಟ್ಸ್ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಕೇಂದ್ರದ್ದು.

ನ್ಯಾಟ್ಸ್ ಎಂದೊಡನೆ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಅಪ್ರೆಂಟಿಸ್ ಅಂದರೆ ಎಣ್ಣೆ ಮೆತ್ತಿದ ಬಟ್ಟೆ, ಲೇತ್ ಮೆಷಿನ್ ಎಂದೇ ಬಿ.ಎ., ಬಿ.ಕಾಂ. ಓದಿದ ಮಕ್ಕಳು ತಿಳಿದಿದ್ದಾರೆ. 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಬಾಗಿಲು ತೆರೆದಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಬ್ಯಾಂಕ್ 2024ರಲ್ಲಿ 3,000 ಪದವೀಧರ ಅಪ್ರೆಂಟಿಸ್‌ಗಳಿಗೆ ಅರ್ಜಿ ಕರೆದಿತ್ತು. ಸ್ಟೈಪೆಂಡ್ ತಿಂಗಳಿಗೆ 15,000 ರೂಪಾಯಿ, ಅದರಲ್ಲಿ 4,500 ಸರ್ಕಾರದ ಪಾಲು. ಆಯಾ ರಾಜ್ಯದ ಭಾಷೆ ಬರಬೇಕೆಂಬ ಷರತ್ತೂ ಇತ್ತು. ಶಾಲೆಯಲ್ಲಿ ಕನ್ನಡ ಓದಿದ ನಮ್ಮ ಮಕ್ಕಳಿಗೆ ಇದಕ್ಕಿಂತ ಅನುಕೂಲ ಇನ್ನೇನು? ರಾಯಚೂರು, ಯಾದಗಿರಿ ಕಡೆಯ ಪದವಿ ಕಾಲೇಜುಗಳ ನೋಟಿಸ್ ಬೋರ್ಡಿಗೆ ಇಂಥ ಪ್ರಕಟಣೆ ತಲುಪುತ್ತಿದೆಯೇ ಎಂಬುದೇ ನನ್ನ ಚಿಂತೆ. ಓದುತ್ತಲೇ ಕೆಲವು ಸೆಮಿಸ್ಟರ್ ಸಂಸ್ಥೆಯಲ್ಲಿ ಕಲಿತು ಪದವಿ ಮುಗಿಸುವ ವ್ಯವಸ್ಥೆಗೂ ಯುಜಿಸಿ ಮಾರ್ಗಸೂಚಿ ಕೊಟ್ಟಿದೆ. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅದು ಶುರುವಾಗಿದೆ.

ಅಪ್ರೆಂಟಿಸ್‌ಶಿಪ್ ಮತ್ತು ಇಂಟರ್ನ್‌ಶಿಪ್ ಒಂದೇ ಎಂದು ತಿಳಿಯಬಾರದು. ಅಪ್ರೆಂಟಿಸ್‌ಶಿಪ್‌ಗೆ ಕಾಯಿದೆಯಿದೆ, ಸರ್ಕಾರದಲ್ಲಿ ನೋಂದಣಿಯಾಗುವ ಕರಾರುಪತ್ರವಿದೆ, ಅವಧಿ ಮುಗಿದ ಮೇಲೆ ಪ್ರಮಾಣಪತ್ರವಿದೆ. ಟ್ರೇಡ್ ಅಪ್ರೆಂಟಿಸ್‌ಗಳಾದರೆ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯುತ್ತಾರೆ. ಹುಡುಗರ ಬಾಯಲ್ಲಿ ಅದು ಎನ್‌ಎಸಿ. ಕೆಲವು ಕಡೆ "ಟ್ರೈನಿ" ಎಂದು ಸೇರಿಸಿಕೊಂಡು ಯಾವ ಕರಾರೂ ಇಲ್ಲದೆ ದುಡಿಸುತ್ತಾರೆ. ಏಜೆನ್ಸಿಯವರು ಕಾಲೇಜಿಗೇ ಬಂದು ಬಸ್ ತುಂಬ ಹುಡುಗರನ್ನು ಕರೆದೊಯ್ಯುವುದೂ ಉಂಟು. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲೋ ನ್ಯಾಟ್ಸ್ ಪೋರ್ಟಲ್‌ನಲ್ಲೋ ನಿಮ್ಮ ಹೆಸರಿನ ಕರಾರು ಕಾಣಿಸದಿದ್ದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ, ಯಾರು ಏನೇ ಹೇಳಲಿ.

ಪೋರ್ಟಲ್‌ಗೆ ಬಾರದ ಕಲಿಕೆಯೊಂದು ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ ಶುರುಮಾಡಿ ಎಂಜಿನ್ ಬಿಚ್ಚುವಷ್ಟು ಕಲಿತವರು, ಬಡಗಿಯ ಕೈಕೆಳಗೆ ಪಳಗಿದವರು, ಟೇಲರ್ ಅಂಗಡಿಯಲ್ಲಿ ಕಾಜಾ ಹಾಕುತ್ತ ಕಟಿಂಗ್‌ಗೆ ಬಂದವರು. ಇವರಲ್ಲಿ ಎಂಥ ನಿಪುಣರಿದ್ದಾರೆಂದು ಎಲ್ಲರಿಗೂ ಗೊತ್ತು. ಆದರೆ ಕಾಗದವಿಲ್ಲ, ಕಾಗದವಿಲ್ಲದ್ದರಿಂದ ಬ್ಯಾಂಕ್ ಸಾಲ ಕಷ್ಟ, ಕಂಪನಿಯ ಗೇಟು ದಾಟುವುದು ಕಷ್ಟ. ಐದಾರು ಜನ ದುಡಿಯುವ ಗ್ಯಾರೇಜ್ ಕೂಡ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ತೆಗೆದುಕೊಳ್ಳಬಹುದು. ಆದರೆ ಆನ್‌ಲೈನ್ ನೋಂದಣಿ, ಕರಾರು, ತಿಂಗಳ ದಾಖಲೆ ಎಂದರೆ ಮಾಲೀಕರು ಕೈಮುಗಿಯುತ್ತಾರೆ. ಹತ್ತಿರದ ಸರ್ಕಾರಿ ಐಟಿಐ ಆ ಕಾಗದದ ಕೆಲಸವನ್ನು ವಹಿಸಿಕೊಂಡರೆ ಒಂದೊಂದು ತಾಲ್ಲೂಕಿನಲ್ಲೂ ಎಷ್ಟು ಹುಡುಗರ ಬದುಕು ಬದಲಾದೀತು.

ಹುಡುಗಿಯರ ಮಾತು ಇನ್ನೂ ಹಿಂದೆ ಉಳಿದಿದೆ. ಐಟಿಐಗೆ ಬಂದ ಹೆಣ್ಣುಮಕ್ಕಳನ್ನು ಕಂಪ್ಯೂಟರ್ ಆಪರೇಟರ್, ಹೊಲಿಗೆ ಟ್ರೇಡ್‌ಗಳ ಕಡೆಗೇ ಕಳಿಸುವ ರೂಢಿ ಹೋಗಿಲ್ಲ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಟ್ರೇಡ್‌ಗಳಿಗೆ ಬೇಕಾದದ್ದು ಅಳತೆಯ ಕಣ್ಣು, ಸ್ಥಿರವಾದ ಕೈ. ಕಂಪನಿಗಳು ನಿಜವಾಗಿ ಒದಗಿಸಬೇಕಾದದ್ದು ಸುರಕ್ಷಿತ ಹಾಸ್ಟೆಲ್, ಶಿಫ್ಟ್ ಮುಗಿದ ಮೇಲೆ ಬಾಗಿಲವರೆಗೆ ಬಸ್ಸು, ಶಾಪ್ ಫ್ಲೋರಿನಲ್ಲಿ ಶುಚಿಯಾದ ಶೌಚಾಲಯ. ಇವು ಇಲ್ಲದೆ ಹೆಣ್ಣುಮಕ್ಕಳು ಬರುವುದಿಲ್ಲ ಎಂದು ದೂರುವುದು ಅನ್ಯಾಯ.

ಸೇರುವ ಮೊದಲು ಏನು ಕೇಳಬೇಕು ಎಂದು ಪೋಷಕರು ಕೇಳಿದರೆ ನಾನು ಹೇಳುವುದು ಇಷ್ಟು. ನಮ್ಮ ಹುಡುಗ ಯಾರ ಕೈಕೆಳಗೆ ಇರುತ್ತಾನೆ, ಅವರನ್ನು ಒಮ್ಮೆ ನೋಡಬಹುದೇ ಎಂದು ಕೇಳಿ. ವರ್ಷದಲ್ಲಿ ಎಷ್ಟು ಸೆಕ್ಷನ್‌ಗಳಿಗೆ ಕಳಿಸುತ್ತೀರಿ, ಏನು ಕಲಿತ ಎಂದು ಬರೆದಿಡುವ ಡೈರಿ ಇದೆಯೇ, ಅದಕ್ಕೆ ಯಾರು ಸಹಿ ಹಾಕುತ್ತಾರೆ ಎಂದು ಕೇಳಿ. ಎಲ್ಲಕ್ಕಿಂತ ಒಳ್ಳೆಯದು, ಹೋದ ವರ್ಷದ ಬ್ಯಾಚಿನ ಇಬ್ಬರ ಫೋನ್ ನಂಬರ್ ಹುಡುಕಿ ಮಾತಾಡುವುದು. ಈಗ ಎಲ್ಲಿದ್ದೀಯಪ್ಪ, ಅಲ್ಲಿ ನಿನಗೆ ಮೆಷಿನ್ ಮುಟ್ಟಲು ಬಿಟ್ಟರೇನು ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ. ಇಂಜಿನಿಯರಿಂಗ್ ಸೀಟಿಗೆ ಹತ್ತು ಕಾಲೇಜು ಸುತ್ತಿ ವಿಚಾರಿಸುವವರು ಇದಕ್ಕೊಂದು ದಿನ ಕೊಡಬಹುದು.

ಅಪ್ರೆಂಟಿಸ್‌ಶಿಪ್‌ಗೆ ಹೋದರೆ ಓದು ಅಲ್ಲಿಗೆ ಮುಗಿಯಿತು ಎಂಬ ಭಯವೂ ಬೇಡ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೆ ಹೋಗಬಹುದು. ಪಿಯುಸಿಯಿಂದ ನೇರವಾಗಿ ಬಂದ ಸಹಪಾಠಿಗಳು ವರ್ಕ್‌ಶಾಪ್ ಲ್ಯಾಬಿನಲ್ಲಿ ಮೊದಲ ಸಲ ಲೇತ್ ನೋಡುವಾಗ, ವರ್ಷಗಟ್ಟಲೆ ಅದರ ಮುಂದೆ ನಿಂತು ಬಂದ ಹುಡುಗ ಚಕ್‌ನಿಂದ ಕೀ ತೆಗೆದಿಟ್ಟ ಮೇಲೆಯೇ ಸ್ವಿಚ್ ಹಾಕುತ್ತಾನೆ. ಅದನ್ನು ಅವನಿಗೆ ಒಬ್ಬ ಫೋರ್‌ಮನ್ ಗದರಿ ಕಲಿಸಿರುತ್ತಾರೆ.